ಕರೆಂಟ್ ದರ ಏರಿಸುವುದು ಸರ್ಕಾರವೋ, ಬೆಸ್ಕಾಂ ಅವರೋ? ಫೋನ್ ದರವೂ ಅವರ ಕೈಯಲ್ಲೇ ಇದೆಯಾ?

ಇಬ್ಬರೂ ಅಲ್ಲ. ದರ ನಿಗದಿ ಮಾಡುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ. 1999ರಲ್ಲಿ ಶುರುವಾಯಿತು. ಒಬ್ಬರು ಅಧ್ಯಕ್ಷರು, ಇಬ್ಬರು ಸದಸ್ಯರು. ನೇಮಿಸುವುದು ರಾಜ್ಯ ಸರ್ಕಾರವೇ, ಆದರೆ ಆದೇಶ ಹೊರಡಿಸುವುದು ಆಯೋಗ, ಮಂತ್ರಿಗಳಲ್ಲ. ಫೋನ್ ಮಾತ್ರ ಕೇಂದ್ರದ್ದು, ಟ್ರಾಯ್ ಅನ್ನುವ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ನೋಡಿಕೊಳ್ಳುತ್ತದೆ. ಕ್ಯಾಲಿಫೋರ್ನಿಯಾದಂಥ ಕಡೆ ಕರೆಂಟು, ಫೋನು ಎರಡಕ್ಕೂ ರಾಜ್ಯದ್ದೇ ಒಂದು ಆಯೋಗವಿದೆ. ನಮ್ಮಲ್ಲಿ ಹಾಗಿಲ್ಲ.

ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂನಂಥ ಕಂಪನಿಗಳು ಕರೆಂಟ್ ಕೊಳ್ಳೋಕೆ, ಸಂಬಳಕ್ಕೆ, ಸಾಲದ ಬಡ್ಡಿಗೆ ಇಷ್ಟಿಷ್ಟು ಬೇಕು ಅಂತ ಲೆಕ್ಕ ಕೊಟ್ಟು ಅರ್ಜಿ ಹಾಕುತ್ತವೆ. ಕೇಳಿದ್ದನ್ನೆಲ್ಲ ಆಯೋಗ ಒಪ್ಪುವುದಿಲ್ಲ. ಲೈನಿನಲ್ಲಿ ಸೋರಿಹೋಗುವ, ಕಳುವಾಗುವ ಕರೆಂಟಿಗೆ ಶೇಕಡಾ ಇಷ್ಟೇ ಅಂತ ಮಿತಿ ಹಾಕಿರುತ್ತದೆ. ಮಿತಿ ದಾಟಿದರೆ ಆ ಹೊರೆ ಕಂಪನಿಗೇ ಬೀಳಬೇಕು, ನಮ್ಮ ಬಿಲ್ಲಿಗಲ್ಲ.

ಇಲ್ಲೊಂದು ತೊಡಕಿದೆ. ರೈತರ ಎಷ್ಟೋ ಪಂಪ್‌ಸೆಟ್‌ಗಳಿಗೆ ಮೀಟರೇ ಇಲ್ಲ. ಅವು ಎಷ್ಟು ಯೂನಿಟ್ ಎಳೆದವು ಅನ್ನುವುದು ಅಂದಾಜು. ಆ ಅಂದಾಜು ಜಾಸ್ತಿ ತೋರಿಸಿದರೆ ಲೈನಿನ ನಷ್ಟ ಕಡಿಮೆ ಕಾಣುತ್ತದೆ, ಸರ್ಕಾರ ಕಟ್ಟಬೇಕಾದ ಸಬ್ಸಿಡಿ ಲೆಕ್ಕ ಏರುತ್ತದೆ. ನನ್ನ ಪ್ರಕಾರ ಇಡೀ ಅರ್ಜಿಯಲ್ಲಿ ಮೊದಲು ನೋಡಬೇಕಾದದ್ದು ಇದೇ. ಇನ್ನು, ಪುಕ್ಕಟೆ ಕರೆಂಟ್ ಕೊಡಲು ಸರ್ಕಾರಕ್ಕೆ ಅಡ್ಡಿಯಿಲ್ಲ. ಆದರೆ 2003ರ ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್ ಪ್ರಕಾರ ಆ ದುಡ್ಡನ್ನು ಮುಂಗಡವಾಗಿ ಕಟ್ಟಿಕೊಡಬೇಕು.

ನಿಮ್ಮಂಥವರು ತಿಳಿದಿರಲೇಬೇಕಾದ ಮಾತು: ಅರ್ಜಿಯನ್ನು ಗುಟ್ಟಾಗಿಡುವಂತಿಲ್ಲ. ಪೇಪರಿನಲ್ಲಿ ಪ್ರಕಟಣೆ ಬರುತ್ತದೆ. ಯಾರು ಬೇಕಾದರೂ ಆಕ್ಷೇಪಣೆ ಬರೆದು ಕೊಡಬಹುದು, ಬಹಿರಂಗ ವಿಚಾರಣೆಯಲ್ಲಿ ಎದ್ದು ನಿಂತು ಮಾತಾಡಬಹುದು. ವಕೀಲರು ಬೇಕಿಲ್ಲ, ಕನ್ನಡದಲ್ಲೇ ಹೇಳಬಹುದು. ಆದೇಶ ತೆಗೆದು ನೋಡಿ: ಜನರ ಆಕ್ಷೇಪಣೆ, ಅದಕ್ಕೆ ಕಂಪನಿಯ ಉತ್ತರ, ಆಮೇಲೆ ಆಯೋಗದ ಅಭಿಪ್ರಾಯ, ಎಲ್ಲ ಅಚ್ಚಾಗಿರುತ್ತದೆ. ಇಷ್ಟಿದ್ದರೂ ಮನೆ ಬಳಕೆದಾರರು ಬರುವುದು ತೀರಾ ಕಡಿಮೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಕೈಗಾರಿಕೆಯವರು ಅಂಕಿ-ಅಂಶ ಹಿಡಿದು ಬರುತ್ತಾರೆ, ನಮ್ಮ ಪರ ಮಾತಾಡುವವರೇ ಇರುವುದಿಲ್ಲ.

2025ರ ಮಾರ್ಚ್‌ನಲ್ಲಿ ಮೂರು ವರ್ಷದ ದರ ಒಟ್ಟಿಗೇ ಹೊರಬಿತ್ತು. ಅದರ ನಡುವೆ ಪರಿಷ್ಕರಣೆ ಕೇಳಿ ಅರ್ಜಿ ಬಂದರೆ ಅದರ ಮೇಲೂ ಆಕ್ಷೇಪಣೆ ಹಾಕಬಹುದು.

ನಿಮ್ಮ ಒಬ್ಬರ ಬಿಲ್ ತಪ್ಪಾಗಿದ್ದರೆ ಸುಮ್ನೆ ಆಯೋಗಕ್ಕೆ ಬರೆಯಬೇಡಿ. ಮೊದಲು ನಿಮ್ಮ ಸಬ್‌ಡಿವಿಷನ್, ನಂತರ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅಲ್ಲೂ ಆಗದಿದ್ದರೆ ಓಂಬುಡ್ಸ್‌ಮನ್, ಅಂದರೆ ಇಂಥ ದೂರು ಕೇಳಿ ತೀರ್ಮಾನಿಸುವ ಅಧಿಕಾರಿ. ಬಾಕಿ ಇದೆ ಅಂತ ಲೈನ್ ಕತ್ತರಿಸುವ ಮುಂಚೆ 15 ದಿನದ ಲಿಖಿತ ನೋಟಿಸ್ ಕೊಡಲೇಬೇಕು. ಕೊಡದಿದ್ದರೆ ಅದನ್ನೇ ದೂರಿನ ಮೊದಲ ಸಾಲಿನಲ್ಲಿ ಬರೆಯಿರಿ.