ಶಿವಮೊಗ್ಗ ಕಡೆ ಎ.ಎ. ಮೀಟಿಂಗ್ ಎಲ್ಲಿ ಸಿಗುತ್ತದೆ, ಗುರುತಿನವರು ನೋಡಿದರೆ ಏನು ಮಾಡುವುದು?

ಗುರುತಿನವರು ಸಿಗಬಹುದು. ಅದಕ್ಕೆ ಹೆದರಿ ಮೀಟಿಂಗ್ ಬಿಡಬೇಡಿ ಅಂತ ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ತೀರ್ಥಹಳ್ಳಿ ಹತ್ತಿರದವರು, ಸಂಜೆ ಇದ್ದ ಕುಡಿತ ಈಗ ಬೆಳಿಗ್ಗೆಗೂ ಬಂದಿದೆ, ಎದ್ದ ಕೂಡಲೇ ಕೈ ನಡುಗುತ್ತದೆ, ಒಂದು ನೈಂಟಿ ಹಾಕಿದರೆ ನಿಲ್ಲುತ್ತದೆ ಅಂತ ಬರೆದಿದ್ದೀರಿ. ನಾನೂ ಮಲೆನಾಡಿನವನೇ, ಅಡಿಕೆ ತೋಟದ ಮನೆಯವನು, ಆಲ್ಕೋಹಾಲಿಕ್ಸ್ ಅನಾನಿಮಸ್ (ಎ.ಎ.), ಅಂದರೆ ಕುಡಿತ ಬಿಡಲು ಕುಡುಕರೇ ಒಬ್ಬರಿಗೊಬ್ಬರು ನೆರವಾಗುವ ಕೂಟದ ಸದಸ್ಯ.

ಮೀಟಿಂಗಿಗೂ ಮೊದಲು ಡಾಕ್ಟರ್. ಕೈ ನಡುಗುವ ಹಂತಕ್ಕೆ ಬಂದವರು ಮನೆಯಲ್ಲೇ ಏಕಾಏಕಿ ನಿಲ್ಲಿಸಬಾರದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಜ್ವರ ಏರುತ್ತದೆ, ಎಲ್ಲಿದ್ದೇನೆ ಅನ್ನುವುದೇ ತಿಳಿಯುವುದಿಲ್ಲ. ನಮ್ಮ ಕಡೆ ಮನೆಯವರು ಅದನ್ನು ನೋಡಿ ಏನೋ ಸೋಂಕಿದೆ ಅಂತ ತಾಯಿತ ಕಟ್ಟಿಸಲು ಓಡುತ್ತಾರೆ. ಅದು ಜೀವಕ್ಕೇ ಅಪಾಯದ ಸ್ಥಿತಿ, ಆಸ್ಪತ್ರೆಗೆ ಹೋಗಬೇಕಾದ್ದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ, ಅಲ್ಲಿ ಚೀಟಿ ಮಾಡಿಸಿ. ದಿನಕ್ಕೆ ಎಷ್ಟು ಕುಡಿಯುತ್ತೀರಿ ಅಂತ ಕೇಳಿದರೆ ನಾಚಿಕೆಗೆ ಅರ್ಧ ಮಾಡಿ ಹೇಳಬೇಡಿ, ನಡುಕ ಇಳಿಸುವ ಮಾತ್ರೆ ಎಷ್ಟು ಕೊಡಬೇಕು ಅನ್ನುವುದನ್ನು ಅದರ ಮೇಲೇ ನಿರ್ಧರಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ವಿಟಮಿನ್ ಕೊಡುತ್ತಾರೆ. ರಾತ್ರಿ ಹೊತ್ತು ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯವರಿಗೂ ಒಂದು ಮಾತು ಹೇಳಿಬಿಡಿ: ಗೊತ್ತಾಗದ ಹಾಗೆ ಸಾರಿನಲ್ಲಿ ಬೆರೆಸಿ ಕೊಡುವ ಪುಡಿ, ಮಾತ್ರೆ ಯಾವುದನ್ನೂ ತರುವುದು ಬೇಡ. ಕುಡಿತ ಬಿಡಿಸಲು ಡಾಕ್ಟರ್ ಕೊಡುವ ಡೈಸಲ್ಫಿರಾಮ್‌ನಂಥ ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ಬಿಪಿ ಇಳಿದು ಪ್ರಾಣವೇ ಹೋಗಬಹುದು.

ಇನ್ನು ಮೀಟಿಂಗ್. ಎ.ಎ. ಇಂಡಿಯಾದ ವೆಬ್‌ಸೈಟಿನಲ್ಲಿ ಸಹಾಯವಾಣಿ ನಂಬರ್ ಇರುತ್ತದೆ. ಫೋನ್ ಮಾಡಿ ಶಿವಮೊಗ್ಗ, ಭದ್ರಾವತಿ, ಚಿಕ್ಕಮಗಳೂರು ಮೂರನ್ನೂ ಕೇಳಿ. ಜಾಗ, ಹೊತ್ತು ಬದಲಾಗುತ್ತಿರುತ್ತದೆ, ಹೊರಡುವ ದಿನ ಇನ್ನೊಮ್ಮೆ ಕೇಳಿಕೊಂಡು ಬಸ್ ಹತ್ತಿ. ಕನ್ನಡದಲ್ಲಿ ನಡೆಯುತ್ತದೆಯೇ, ಎಷ್ಟು ಹೊತ್ತಿಗೆ ಮುಗಿಯುತ್ತದೆ ಅನ್ನುವುದನ್ನೂ ಕೇಳಿ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ವಾಪಸ್ ಸುಮಾರು ಅರವತ್ತು ಕಿಲೋಮೀಟರ್ ಇದೆ, ರಾತ್ರಿ ಬಸ್ ತಪ್ಪಿ ಸ್ಟ್ಯಾಂಡಿನಲ್ಲಿ ಒಬ್ಬರೇ ಉಳಿಯುವುದು ಹೊಸಬರಿಗೆ ಒಳ್ಳೆಯದಲ್ಲ. ಮಳೆಗಾಲದಲ್ಲಿ ಹೊರಡಲಾಗದಿದ್ದರೆ ಫೋನಿನಲ್ಲೇ ಸೇರುವ ಮೀಟಿಂಗ್‌ಗಳೂ ಇವೆ. ಆದರೂ ಮೊದಲ ಸಲ ಎದುರಾ ಎದುರು ಕೂತೇ ನೋಡಿ.

ನೀವು ಹೆದರಿರುವ ಆ ಕೋಣೆ ಹೀಗಿರುತ್ತದೆ. ಪ್ಲಾಸ್ಟಿಕ್ ಕುರ್ಚಿ, ಗೋಡೆಗೆ ಕುಡಿತದಿಂದ ಹೊರಬರುವ ಎ.ಎ. ದಾರಿಯ ಹನ್ನೆರಡು ಹೆಜ್ಜೆಗಳ ಬ್ಯಾನರ್. ಒಬ್ಬರು ಎದ್ದು ಹೆಸರು ಹೇಳಿ "ನಾನೊಬ್ಬ ಆಲ್ಕೋಹಾಲಿಕ್" ಅಂತ ಮಾತು ಶುರು ಮಾಡುತ್ತಾರೆ. ನಿಮ್ಮ ಸರದಿ ಬಂದಾಗ ಇವತ್ತು ಬರೀ ಕೇಳುತ್ತೇನೆ ಅಂದರೆ ಸಾಕು. ನಮ್ಮ ಗುಂಪಿನಲ್ಲಿ ಟೀ ಕೊಡುವ ಹಿರಿಯರೊಬ್ಬರು ಹೊಸಬರ ಲೋಟಕ್ಕೆ ಅರ್ಧ ಮಾತ್ರ ಹಾಕುತ್ತಾರೆ, ಕೈ ನಡುಗಿದರೂ ಚೆಲ್ಲದಿರಲಿ ಅಂತ. ಯಾಕೆ ಅರ್ಧ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಫೀಸ್ ಇಲ್ಲ, ರಿಜಿಸ್ಟರಿಗೆ ಸಹಿ ಇಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸದಸ್ಯರು. 1935ರಲ್ಲಿ ಅಮೆರಿಕದ ಅಕ್ರನ್‌ನಲ್ಲಿ ಇದನ್ನು ಶುರು ಮಾಡಿದ್ದೂ ಇಬ್ಬರು ಕುಡುಕರೇ, ಒಬ್ಬ ಷೇರು ಪೇಟೆಯವನು, ಇನ್ನೊಬ್ಬ ಸರ್ಜನ್. ಅವರಿಗೂ ಊರವರು ಏನಂದಾರು ಅನ್ನುವ ಭಯ ಇದ್ದೇ ಇತ್ತು, ಅದಕ್ಕೇ ಪೂರ್ತಿ ಹೆಸರು ಬೇಡ ಅನ್ನುವ ಕಟ್ಟುಪಾಡು ಬೆಳೆಯಿತು. ನಿಮ್ಮೂರಿನವರು ಅಲ್ಲಿ ಸಿಕ್ಕರೆ ಅವರೂ ಬಂದಿರುವುದು ಇದೇ ಕಾಯಿಲೆಗೆ. ಅಷ್ಟಾಗಿಯೂ ಮನಸ್ಸು ಒಪ್ಪದಿದ್ದರೆ ಚಿಕ್ಕಮಗಳೂರು ಕಡೆಯದಕ್ಕೆ ಹೋಗಿ. ಒಂದು ಮಾತು: ವೈನ್ ಶಾಪ್ ಮುಂದೆ ನಿಂತಾಗ ನಿಮ್ಮನ್ನು ನೋಡದ ಊರವರು ಈಗಾಗಲೇ ಯಾರೂ ಉಳಿದಿರಲಾರರು.

ಎ.ಎ. ದೂರವಾಯಿತು ಅನಿಸಿದರೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರ ಮದ್ಯವರ್ಜನ ಶಿಬಿರಗಳಿವೆ. ಎಂಟು ದಿನ ಅಲ್ಲೇ ಉಳಿಯಬೇಕು. ಅದು ಊರಿಗೆಲ್ಲ ಗೊತ್ತಾಗಿಯೇ ನಡೆಯುವಂಥದ್ದು, ಕೆಲವರಿಗೆ ಅದೇ ಬಲವಾಗುತ್ತದೆ. ಶಿಬಿರ ಮುಗಿದವರಿಗೆ ನವಜೀವನ ಸಮಿತಿ ಅಂತ ಕುಡಿತ ಬಿಟ್ಟವರದೇ ಗುಂಪು ಇದೆ, ಅದನ್ನು ತಪ್ಪಿಸಬೇಡಿ. ಶಿಬಿರಕ್ಕಿಂತ ಆಮೇಲಿನ ವರ್ಷವೇ ಕಷ್ಟ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಹೆಂಡತಿಗೆ ಅಲ್-ಅನಾನ್ ಅಂತ, ಕುಡಿಯುವವರ ಮನೆಯವರಿಗಾಗಿಯೇ ಇರುವ ಬೇರೆ ಗುಂಪಿದೆ, ನೀವು ಬಿಟ್ಟರೂ ಬಿಡದಿದ್ದರೂ ಅವರು ಹೋಗಬಹುದು.

ಮೊದಲ ಮೀಟಿಂಗಿನಿಂದ ಹೊರಡುವಾಗ ಇಬ್ಬರು ಮೂವರ ಫೋನ್ ನಂಬರ್ ಇಸ್ಕೊಳ್ಳಿ. ಮಂಡಿಯಲ್ಲಿ ಅಡಿಕೆ ಕೊಟ್ಟು ದುಡ್ಡು ಕೈಗೆ ಬಂದ ದಿನ, ಮದುವೆಮನೆಗೆ ಹೊರಡುವ ಮುಂಚೆ, ಮೊದಲ ಗುಟುಕಿಗೂ ಮೊದಲು ಅವರಿಗೆ ಫೋನ್ ಮಾಡಿ. ಕುಡಿದ ಮೇಲೂ ಮಾಡಬಹುದು, ಯಾರೂ ಬೈಯುವುದಿಲ್ಲ. ಮುಂದಿನ ಮೀಟಿಂಗಿಗೆ ಬನ್ನಿ ಅಂತಾರೆ.