ಮಗುವಿಗೆ ಇಡೋ ಹೆಸರಲ್ಲಿ ಒಬ್ರು ಸಂತರು ಇರಲೇಬೇಕಾ?

ಮಗನಿಗೆ ಕಿರಣ್ ಅಂತ ಇಡ್ಬೇಕು, ಆ ಹೆಸರಿನ ಸಂತರು ಸಿಗ್ತಿಲ್ಲ, ಜ್ಞಾನಸ್ನಾನಕ್ಕೆ (ಬ್ಯಾಪ್ಟಿಸಂಗೆ) ಬೇರೆ ಹೆಸರು ಕೊಡ್ಲಾ ಅಂತ ಕೇಳಿದೀರ. ಅಯ್ಯೋ ಬೇಡ. 1997ರಲ್ಲಿ ಕೋಲಾರದಲ್ಲಿ ನಾನು ಮಾಡಿದ್ದು ಇದೇ ಘನಂದಾರಿ ಕೆಲಸ.

ಮಗಳಿಗೆ ಜ್ಯೋತಿ ಅಂತ ಇಟ್ಟಿದ್ವಿ, ಬರ್ತ್ ಸರ್ಟಿಫಿಕೇಟಲ್ಲೂ ಅದೇ. ಜ್ಯೋತಿ ಅನ್ನೋ ಸಂತರು ಯಾರಿದಾರೋ ಅಂತ ನಮ್ಮಮ್ಮ ಹಠ ಹಿಡಿದ್ರು, ನಾನು ಚರ್ಚ್ ಫಾರಂನಲ್ಲಿ ಲೂಸಿ ಅಂತ ಬರೆದೆ. ಲೂಸಿ ಬರೆದಿದ್ದು ತಪ್ಪಲ್ಲ, ಲೂಸಿ ಒಂದನ್ನೇ ಬರೆದಿದ್ದು ತಪ್ಪು. ಪೆನ್ನು ಕೈಲೇ ಇತ್ತು, ಮುಂದೆ ಜಾಗಾನೂ ಇತ್ತು, ಜ್ಯೋತಿ ಲೂಸಿ ಅಂದಿದ್ರೆ ಮುಗೀತಿತ್ತು, ಆದ್ರೆ ಚರ್ಚ್ ಪುಸ್ತಕ ಚರ್ಚಲ್ಲಿರತ್ತೆ ಸರ್ಕಾರದ್ದು ಬೀರುಲಿರತ್ತೆ, ಎರಡನ್ನೂ ಯಾರು ಪಕ್ಕಪಕ್ಕ ಇಟ್ಟು ನೋಡ್ತಾರೆ ಅನ್ಕೊಂಡೆ. ನೋಡಿದ್ರು. 2022ರಲ್ಲಿ ಅವಳ ಮದುವೆಗೆ ಹೊಸದಾಗಿ ತೆಗೆಸಿದ ಜ್ಞಾನಸ್ನಾನದ ಸರ್ಟಿಫಿಕೇಟ್ ಬೇಕಾಯ್ತು, ಅದರಲ್ಲಿ ಲೂಸಿ, ಆಧಾರಲ್ಲಿ ಜ್ಯೋತಿ. ಗಂಡಿನ ದೊಡ್ಡಪ್ಪ 'ಇದು ನಿಮ್ಮ ಇನ್ನೊಬ್ಬ ಮಗಳದ್ದಾ?' ಅಂದೇಬಿಟ್ರು. ಸ್ಟಾಂಪ್ ಪೇಪರ್ರು, ನೋಟರಿ, ಸಾಕ್ಷಿಗೆ ಅಂತ ಅವಳ ಜ್ಞಾನತಾಯಿನ (ಗಾಡ್‌ಮದರ್‌ನ) ಹುಡುಕ್ಕೊಂಡು ಕೆಜಿಎಫ್‌ಗೆ ಎರಡು ಸಲ ಹೋಗಿದ್ದು, ಲಗ್ನಪತ್ರಿಕೆ ಬೇರೆ ಹಂಚಿ ಆಗಿತ್ತು.

ಆಗ ಫಾದರ್ ನಗ್ತಾ ಹೇಳಿದ್ರು, ಲೂಸಿ ಅಂದ್ರೆ ಲ್ಯಾಟಿನ್ನಲ್ಲಿ ಬೆಳಕಿಂದ ಬಂದ ಹೆಸರು ಕಣಯ್ಯ, ಡಿಸೆಂಬರ್ 13ಕ್ಕೆ ಹಬ್ಬ ಮಾಡ್ತೀವಲ್ಲ ಅವರೇ ಅಂತ. ಅಂದ್ರೆ ಜ್ಯೋತಿಗೆ ಸಂತರು ಇದ್ರು! 1917ರ ಕ್ಯಾಥೊಲಿಕ್ ಚರ್ಚ್ ಕಾನೂನಲ್ಲೂ ಅಪ್ಪ ಅಮ್ಮ ಸಂತರ ಹೆಸರಿಡೋಕೆ ಒಪ್ಪದಿದ್ರೆ ಅವರಿಟ್ಟ ಹೆಸರಿಗೇ ಸಂತರ ಹೆಸರು ಸೇರಿಸಿ ಎರಡನ್ನೂ ಬರೀರಿ ಅಂತಾನೇ ಇತ್ತಂತೆ. 1983ರದ್ದು ಇನ್ನೂ ಸಡಿಲ, 855ನೇ ವಿಧಿ, ಕ್ರೈಸ್ತ ಭಾವನೆಗೆ ಒಗ್ಗದ ಹೆಸರು ಬೇಡ, ಅಷ್ಟೇ.

ನನ್ನ ಕೇಳಿದ್ರೆ ನೀವು ಹುಡುಕ್ತಿರೋದೇ ತಲೆಕೆಳಗು. ನಮ್ಮ ಹಳಬರು ಪಟ್ಟಿ ಇಟ್ಕೊಂಡು ಹೆಸರಿಟ್ರಾ? ಪೌಲ ಅಂದ್ರೆ ಚಿಕ್ಕೋನು, ಅದಕ್ಕೇ ಚಿನ್ನಪ್ಪ ಆದ. ಪೇತ್ರ ಅಂದ್ರೆ ಕಲ್ಲುಬಂಡೆ, ಅವನು ರಾಯಪ್ಪ ಆದ. ನಮ್ಮ ತಾತ ಚೌರಪ್ಪ, ಅಂದ್ರೆ ಝೇವಿಯರ್, ಅದು ಆ ಸಂತರ ಹುಟ್ಟೂರಿನ ಹೆಸರು, ಸ್ವಂತ ಹೆಸರು ಫ್ರಾನ್ಸಿಸ್. ಮಗಳ ಮದುವೆ ವರ್ಷಾನೇ ಮೇ 15ಕ್ಕೆ ಸಂತರಾದ ನಮ್ಮ ದೇಶದ ದೇವಸಹಾಯಂ, ಅವರು ಹುಟ್ಟಿದಾಗ ನೀಲಕಂಠನ್!

ಕಿರಣ್ ಅಂತಾನೇ ಇಡಿ. ಮನೇಲಿ ಹಿರಿಯರು ಬಿಡಲ್ಲ ಅಂದ್ರೆ ಕಿರಣ್ ಅಂತೋಣಿ ಅನ್ನಿ, ಆದ್ರೆ ಎರಡೂ ಒಂದೇ ಸಾಲಲ್ಲಿ, ಎಲ್ಲಾ ಕಾಗದದಲ್ಲೂ. ಅಷ್ಟು ಹಠ ಮಾಡಿದ ನಮ್ಮಮ್ಮ ಅವಳನ್ನ ಲೂಸಿ ಅಂತ ಒಂದು ಸಲಾನೂ ಕರೀಲಿಲ್ಲ, ಬಿಡಿ.