ಇಂಟಿಗ್ರೇಟಿಂಗ್ ಫ್ಯಾಕ್ಟರ್ ಎಲ್ಲಿಂದ ಬಂತು?

ಪ್ರಶ್ನೆ: ನಾನು ಎಂಜಿನಿಯರಿಂಗ್ ಮೊದಲ ವರ್ಷದಲ್ಲಿದ್ದೇನೆ. ಡಿವೈ/ಡಿಎಕ್ಸ್ + ಪಿ·ವೈ = ಕ್ಯೂ (ಪಿ, ಕ್ಯೂ ಎರಡೂ ಎಕ್ಸ್‌ನ ಫಂಕ್ಷನ್) ಅಂತ ಬಂದರೆ ಇಂಟಿಗ್ರೇಟಿಂಗ್ ಫ್ಯಾಕ್ಟರ್‌ನಿಂದ ಗುಣಿಸಬೇಕು ಎಂದು ಬಾಯಿಪಾಠ ಮಾಡಿದ್ದೇನೆ. ಅದು ಎಲ್ಲಿಂದ ಬಂತು? ಸೂತ್ರ ಗೊತ್ತಿದ್ದರೂ ಉತ್ತರ ತಪ್ಪುತ್ತದೆ, ಯಾಕೆ?
– ವಿದ್ಯಾರ್ಥಿನಿ, ಡೊಂಬಿವಲಿ

ಉತ್ತರ: ಕೇಳಬೇಕಾದದ್ದನ್ನೇ ಕೇಳಿದ್ದೀಯಮ್ಮ. ಮಾಟುಂಗಾದಲ್ಲಿ ನನ್ನ ಹತ್ತಿರ ಪಾಠಕ್ಕೆ ಬರುವ ಮಕ್ಕಳೂ ಇಲ್ಲೇ ತಡವರಿಸುತ್ತಾರೆ.

ಸೂತ್ರ ಪಕ್ಕಕ್ಕಿಡು. ಹನ್ನೆರಡನೇ ಕ್ಲಾಸಿನ ಪ್ರಾಡಕ್ಟ್ ರೂಲ್ ನೆನಪಿಸಿಕೋ. ನಾವು ಹುಡುಕುತ್ತಿರುವ ಫ್ಯಾಕ್ಟರ್‌ಗೆ ಮ್ಯೂ ಅನ್ನೋಣ. ಮ್ಯೂ ಇಂಟು ವೈ ಡಿಫರೆನ್ಷಿಯೇಟ್ ಮಾಡಿದರೆ ಎರಡು ತುಂಡು ಬರುತ್ತವೆ: ಮ್ಯೂ ಇಂಟು ವೈನ ಡಿರೈವೇಟಿವ್, ಜೊತೆಗೆ ವೈ ಇಂಟು ಮ್ಯೂನ ಡಿರೈವೇಟಿವ್. ನಿನ್ನ ಸಮೀಕರಣದ ಎಡಗಡೆಯಲ್ಲೂ ಎರಡೇ ತುಂಡು, ಅಲ್ವಾ? ಅದನ್ನು ಮ್ಯೂನಿಂದ ಗುಣಿಸಿದಾಗ ಎರಡೂ ಒಂದಕ್ಕೊಂದು ತಾಳೆಯಾಗಬೇಕಾದರೆ ಮ್ಯೂನ ಡಿರೈವೇಟಿವ್ ಪಿ ಇಂಟು ಮ್ಯೂ ಆಗಿರಬೇಕು. ಆ ಗುಣ ಇರುವುದು 'ಇ'ಯ ಘಾತದಲ್ಲಿ ಪಿಯ ಇಂಟಿಗ್ರಲ್ ಇಟ್ಟಾಗ. ನಿನ್ನ ಫ್ಯಾಕ್ಟರ್ ಅದೇ. ಎಡಗಡೆಯ ಎರಡು ತುಂಡನ್ನು ಒಂದೇ ಡಿರೈವೇಟಿವ್ ಮಾಡುವುದಕ್ಕೇ ಅದನ್ನು ತರುವುದು.

ಈಗ ನಿಮ್ಮ ಸೊಸೈಟಿಯ ಮೇಲಿನ ನೀರಿನ ಟಾಕಿ ತಗೋ. 1000 ಲೀಟರ್ ಸಿಹಿನೀರು ತುಂಬಿದೆ. ನಿಮಿಷಕ್ಕೆ 10 ಲೀಟರ್ ಟ್ಯಾಂಕರ್ ನೀರು ಒಳಗೆ ಬರುತ್ತಿದೆ, ಲೀಟರಿಗೆ 1 ಗ್ರಾಂ ಉಪ್ಪು. ಚೆನ್ನಾಗಿ ಬೆರೆತ ನೀರು ಅಷ್ಟೇ ವೇಗದಲ್ಲಿ ನಲ್ಲಿಗಳಿಗೆ ಹೋಗುತ್ತಿದೆ. ಟಿ ನಿಮಿಷದ ನಂತರ ಟಾಕಿಯಲ್ಲಿರುವ ಉಪ್ಪು ಎಸ್ ಗ್ರಾಂ ಎಂದುಕೋ. ಒಳಗೆ ಬರುವುದು ನಿಮಿಷಕ್ಕೆ 10 ಗ್ರಾಂ, ಹೊರಗೆ ಹೋಗುವುದು 1000 ಲೀಟರಿನಲ್ಲಿ 10 ಲೀಟರ್, ಅಂದರೆ ಉಪ್ಪಿನ ನೂರನೇ ಒಂದು ಭಾಗ, ಎಸ್/100. ಅಂದರೆ,

ಡಿಎಸ್/ಡಿಟಿ + ಎಸ್/100 = 10

ಫ್ಯಾಕ್ಟರ್ ಇ^(ಟಿ/100). ಗುಣಿಸಿ ಇಂಟಿಗ್ರೇಟ್ ಮಾಡಿದರೆ,

ಎಸ್·ಇ^(ಟಿ/100) = 1000·ಇ^(ಟಿ/100) + ಸಿ

ಸಿ, ಅಂದರೆ ಇಂಟಿಗ್ರೇಟ್ ಮಾಡಿದಾಗ ಬರುವ ಸ್ಥಿರಾಂಕ, ಇಲ್ಲೇ ಬರೆಯಬೇಕು. ಆಮೇಲೆ ಭಾಗಿಸಿದಾಗ ಅದೂ ಭಾಗವಾಗುತ್ತದೆ: ಎಸ್ = 1000 + ಸಿ·ಇ^(−ಟಿ/100). ಶುರುವಿನಲ್ಲಿ ಉಪ್ಪಿಲ್ಲ, ಹಾಗಾಗಿ ಸಿ = −1000. 100 ನಿಮಿಷಕ್ಕೆ ಸುಮಾರು 632 ಗ್ರಾಂ ಉಪ್ಪು.

ಜಾಸ್ತಿ ಮಕ್ಕಳು ಸಿಯನ್ನು ಕೊನೆಯಲ್ಲಿ ಸುಮ್ನೆ ಅಂಟಿಸುತ್ತಾರೆ. ಹಾಗೆ ಮಾಡಿ ನೋಡು: ಎಸ್ = 1000 + ಸಿ. ಸಿ = −1000 ಹಾಕಿದರೆ ಎಸ್ ಯಾವಾಗಲೂ ಸೊನ್ನೆ! ಉಪ್ಪುನೀರು ಸುರಿಯುತ್ತಲೇ ಇದ್ದರೂ ಟಾಕಿ ಸಿಹಿಯಾಗಿಯೇ ಉಳಿಯುವುದುಂಟೇ? ನಿನ್ನ ಉತ್ತರ ತಪ್ಪುತ್ತಿರುವುದು ಬಹುಶಃ ಇಲ್ಲೇ.

ಇನ್ನೊಂದು ಜಾಗವೂ ಇದೆ. ಎಕ್ಸ್·ಡಿವೈ/ಡಿಎಕ್ಸ್ + 2ವೈ = ಎಕ್ಸ್² ಅಂತ ಕೊಟ್ಟರೆ ಪಿ 2 ಅಲ್ಲ. ಮೊದಲು ಇಡೀ ಸಾಲನ್ನು ಎಕ್ಸ್‌ನಿಂದ ಭಾಗಿಸು. ಆಗ ಪಿ = 2/ಎಕ್ಸ್, ಫ್ಯಾಕ್ಟರ್ ಎಕ್ಸ್². ಮುಂದಿನದು ನೀನೇ ಮಾಡು. ವೈ = ಎಕ್ಸ್²/4 + ಸಿ/ಎಕ್ಸ್² ಬರಬೇಕು.